ಓದದೆ ಬಿಟ್ಟ ಪರದೆ

ನಮ್ಮ ಟೈಪಿಂಗ್ ಟೀಚರ್ ಮಾತನಾಡುವಾಗ ಅವರ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಬಾಯಿಂದ ಬಂದ ಮಾತನ್ನೆಲ್ಲ ತೊಡೆಯ ಮೇಲೆ, ಸೀರೆಯ ನೆರಿಗೆಯ ಮೇಲೆ ಸಣ್ಣಗೆ ಕುಟ್ಟುತ್ತಿದ್ದವು. ಎಡಗೈಯ ಕಿರುಬೆರಳು ಮೇಲಿನ ಗೆಣ್ಣಿನಲ್ಲಿ ತುಸು ಹೊರಕ್ಕೆ ಸೊಟ್ಟಗಿತ್ತು. ಹಳೆಯ ಟೈಪ್‌ರೈಟರಿನಲ್ಲಿ ‘ಎ’ ಒತ್ತಿ ಒತ್ತಿ ಹಾಗಾದದ್ದು ಎಂದು ಅವರು ಹೇಳುತ್ತಿದ್ದರು. ಶೃಂಗೇರಿಯಲ್ಲಿದ್ದ ಅವರ ಅಕ್ಕ ಮಾತ್ರ, ಅದು ಹುಟ್ಟಿದಾಗಲೇ ಹಾಗಿತ್ತು, ಇವಳದ್ದು ಬರೀ ಕತೆ ಎನ್ನುತ್ತಿದ್ದರು.

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲಕ್ಕೆ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಅವರ ಇನ್‌ಸ್ಟಿಟ್ಯೂಟ್ ಇತ್ತು. ಪಿಯುಸಿ ಮುಗಿಸಿ ನಾನು ಅಲ್ಲಿ ಸೇರಿದಾಗ ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ನಾವು ಕೀಲಿ ನೋಡಿ ಹೊಡೆದರೆ ಕೈಯ ಮೇಲೆ ಒಂದು ರಟ್ಟು ಹಿಡಿಯುತ್ತಿದ್ದರು. ಬೈಗುಳ ಇಲ್ಲ, ಏಟು ಇಲ್ಲ. ರಟ್ಟು ಹಿಡಿದು ಕಿಟಕಿಯ ಕಡೆ ನೋಡುತ್ತ ನಿಲ್ಲುವುದು, ಅಷ್ಟೇ.

ಹತ್ತು ಹನ್ನೆರಡು ವರ್ಷಗಳ ಮೇಲೆ ಕೊಪ್ಪದಲ್ಲೇ ಒಂದು ಕಾಲೇಜಿನ ಆಫೀಸಿನಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಅಷ್ಟರಲ್ಲಿ ಟೈಪ್‌ರೈಟರುಗಳ ಕಾಲ ಮುಗಿದಿತ್ತು, ಟೀಚರ ಕಣ್ಣೂ ಹೋಗಿತ್ತು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸಾಯುವ ಕಾಯಿಲೆ. ಸುತ್ತಲಿಂದ ಕತ್ತಲೆ ಬಂದು, ಕೊನೆಗೆ ನಡುವೆ ಒಂದು ನಾಣ್ಯದಷ್ಟು ಜಾಗ ಉಳಿದು, ಒಂದು ದಿನ ಅದೂ ಮುಚ್ಚಿತಂತೆ. ಮದುವೆಯಾದವರಲ್ಲ. ಅಕ್ಕ ಶೃಂಗೇರಿಗೆ ಬಾ ಎಂದರೂ ಹೋಗದೆ ಅದೇ ಮಹಡಿಯ ಕೋಣೆಯಲ್ಲಿ ಉಳಿದರು. ಶಿವಮೊಗ್ಗದಲ್ಲಿ ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಗೆ ಹೋಗಿ ಎರಡು ತಿಂಗಳು ಇದ್ದು, ಬರುವಾಗ ಸಂಸ್ಥೆಯವರು ಕೊಟ್ಟ ಒಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಆಗ ಅವರಿಗೆ ಐವತ್ತೈದು ದಾಟಿತ್ತು.

ಆ ಲ್ಯಾಪ್‌ಟಾಪಿನಲ್ಲಿ ಯಂತ್ರ ನಡೆಸುವ ಎರಡು ವ್ಯವಸ್ಥೆಗಳಿದ್ದವು, ವಿಂಡೋಸ್ ಮತ್ತು ಲಿನಕ್ಸ್. ಯಂತ್ರ ಎದ್ದ ಕೂಡಲೇ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಬೇಕು. ಶಾಲೆಗಳ ಪ್ರಶ್ನೆಪತ್ರಿಕೆ, ಪ್ರೆಸ್ಸಿನ ಕೆಲಸಕ್ಕೆ ಬೇಕಾದ ಕನ್ನಡ ಅಕ್ಷರಗಳು ವಿಂಡೋಸಿನಲ್ಲಿ ಮಾತ್ರ. ಆದರೆ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ಧ್ವನಿ ಇದ್ದದ್ದು ಲಿನಕ್ಸಿನಲ್ಲಿ. ಹೊರದೇಶದ ಪಾದ್ರಿಯೊಬ್ಬರು ಕನ್ನಡದಲ್ಲಿ ಪ್ರಾರ್ಥನೆ ಓದಿದ ಹಾಗಿತ್ತು ಆ ಧ್ವನಿ. ಟೀಚರಿಗೆ ಅದೇ ಬಹಳ ಇಷ್ಟ.

ತೊಂದರೆಯೆಂದರೆ, ಆ ಮೊದಲ ಪಟ್ಟಿಗೆ ಧ್ವನಿ ಇಲ್ಲ. ಅದಕ್ಕಿಂತ ಮೊದಲು ಬರುವ ಪರದೆಗಳಿಗೂ ಇಲ್ಲ. ಟೀಚರ್ ಎಣಿಸಿ ಇಟ್ಟುಕೊಂಡಿದ್ದರು: ಇಷ್ಟು ಹೊತ್ತು ಕಾದು, ಕೆಳಬಾಣ ಮೂರು ಸಲ ಒತ್ತಿ ಎಂಟರ್ ಹೊಡೆದರೆ ವಿಂಡೋಸ್. ಒಂದು ದಿನ ಆ ಲೆಕ್ಕ ತಪ್ಪಿತು. ನನ್ನ ಆಫೀಸಿಗೆ ಫೋನ್ ಮಾಡಿ, ಸಂಜೆ ಅರ್ಧ ಗಂಟೆ ನಿನ್ನ ಕಣ್ಣು ಬೇಕಿತ್ತಲ್ಲ ಎಂದು ಕೇಳಿದರು.

ಹೋದೆ. ಪಟ್ಟಿ ಓದಲು ಹೇಳಿದರು. ನಾನು, “ಎಂತದೋ ಲಿನಕ್ಸ್ ಅಂತ ನಾಲ್ಕೈದು ಸಾಲು ಇದೆ ಟೀಚರ್,” ಎಂದೆ.

“ನಾಲ್ಕಾ, ಐದಾ?”

ಎಣಿಸಿದೆ. ಐದಿತ್ತು. ಲಿನಕ್ಸ್ ಅಪ್‌ಡೇಟ್ ಆದಾಗ ಎರಡು ಸಾಲು ಹೆಚ್ಚಾಗಿ ವಿಂಡೋಸ್ ಕೆಳಗೆ ಹೋಗಿತ್ತು. ಅದು ತಿಳಿದದ್ದೇ ಅವರು ಐದು ಸಲ ಒತ್ತಿ ಒಳಗೆ ಹೋದರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, “ಅರ್ಥ ಆಮೇಲೆ ಮಾಡುವ ಮಾರಾಯ್ತಿ. ಮೊದಲು ಇದ್ದದ್ದು ಇದ್ದ ಹಾಗೆ ಓದು,” ಎಂದರು.

ಅಲ್ಲಿಂದ ಮುಂದೆ ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗುವುದು ರೂಢಿಯಾಯಿತು. ಸಂಜೆ ಐದೂವರೆಗೆ ಭಂಡಿಗಡಿಯ ನಮ್ಮ ಮನೆ ಕಡೆಗೆ ನನ್ನ ಬಸ್ಸು. ಅಲ್ಲಿಯವರೆಗೆ ಓದುವುದು: ಕಾಗದ, ಪೇಪರು, ಧ್ವನಿ ಇಲ್ಲದ ಪರದೆಗಳು. ಯಂತ್ರ ಕೆಟ್ಟರೆ ಪತ್ತೆ ಹಚ್ಚುವವರು ಅವರು. ಕಿವಿ ಹತ್ತಿರ ಇಟ್ಟು ಕೇಳುವರು, ಅಂಗೈ ಇಟ್ಟು ಬಿಸಿ ನೋಡುವರು, ಒಂದೊಂದೇ ಕಾರಣ ತೆಗೆದು ಬದಿಗಿಡುವರು.

ಆಗ ಅವರು ಒಂದು ದೊಡ್ಡ ಕೆಲಸ ಹಿಡಿದಿದ್ದರು. ಸೀತೂರಿನಿಂದ ಒಬ್ಬರು ಅವರ ಹತ್ತಿರ ಕಲಿಯಲು ಬರುತ್ತಿದ್ದರು. ಮೊದಲು ಬಸ್ ಕಂಡಕ್ಟರ್ ಆಗಿದ್ದವರು, ಸಕ್ಕರೆ ಕಾಯಿಲೆಯಿಂದ ನಲವತ್ತಕ್ಕೇ ಕಣ್ಣು ಕಳೆದುಕೊಂಡವರು. ಎನ್.ಆರ್. ಪುರದಿಂದ ಕೊಪ್ಪಕ್ಕೆ ಬರುವ ಬಸ್ಸು ಯಾವ ತಿರುವಿನಲ್ಲಿದೆ ಎಂದು ಸೀಟಿನಲ್ಲಿ ಕೂತಲ್ಲೇ ಹೇಳುತ್ತಿದ್ದರು. ಇಂಥವರು ಮನೆಯಲ್ಲೇ ಕೂತು, ಕಿವಿಯಿಂದಲೇ ಕೀಲಿಮಣೆ ಕಲಿಯುವ ಹಾಗೆ ಟೀಚರ್ ಕನ್ನಡದಲ್ಲಿ ನಲವತ್ತು ಪಾಠ ತಯಾರಿಸುತ್ತಿದ್ದರು. ಬರೆದು, ತಮ್ಮದೇ ಸ್ವರದಲ್ಲಿ ರೆಕಾರ್ಡ್ ಮಾಡಿ ಇಡುತ್ತಿದ್ದರು. ಒಂದೂವರೆ ವರ್ಷದ ಕೆಲಸ. ಎಲ್ಲವೂ ಡಿಸ್ಕಿನ ಲಿನಕ್ಸ್ ಭಾಗದಲ್ಲಿತ್ತು, ಬೇರೆ ಪ್ರತಿ ಇರಲಿಲ್ಲ. ಮಧ್ಯಾಹ್ನದ ಹೊತ್ತು ಕೆಳಗಿನ ಬಟ್ಟೆ ಅಂಗಡಿಯವರು ಮೆಟ್ಟಿಲು ಹತ್ತಿ ಬಂದು ಕೇಳಿಕೊಂಡು ನಿಲ್ಲುವಷ್ಟು ತುಂಬಿದ ಸ್ವರ ಅವರದ್ದು.

ನಲವತ್ತೂ ಮುಗಿದ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಆರಿಹೋಗಲು ಶುರುವಾಯಿತು. ಟೀಚರ್ ಅಂಗೈ ಇಟ್ಟು ನೋಡಿದರು. ಕಾದ ಕಾವಲಿಯಂತಾದರೂ ಒಳಗಿನ ಫ್ಯಾನ್ ತಿರುಗುತ್ತಿರಲಿಲ್ಲ. ವಿಂಡೋಸಿನಲ್ಲೂ ಹಾಗೇ, ಲಿನಕ್ಸಿನಲ್ಲೂ ಹಾಗೇ. “ಎರಡರಲ್ಲೂ ಆಗ್ತದೆ ಅಂದ್ರೆ ತಪ್ಪು ಎರಡರದ್ದೂ ಅಲ್ಲ. ಅದಕ್ಕಿಂತ ಕೆಳಗೆ ಎಲ್ಲೋ ಇದೆ,” ಎಂದರು. ಕೆಳಗೆ ಎಂದರೆ ಫರ್ಮ್‌ವೇರ್, ಯಂತ್ರ ಎದ್ದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ ಸಣ್ಣ ತಂತ್ರಾಂಶ. ಅವರು ಹೇಳಿದ ಹಾಗೆ ಕಾಲೇಜಿನ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಆ ಮಾದರಿಯ ಫ್ಯಾನಿನ ತೊಂದರೆಗೆಂದೇ ಹೊಸ ಫರ್ಮ್‌ವೇರ್ ಬಂದಿತ್ತು. ಪೆನ್‌ಡ್ರೈವಿನಲ್ಲಿ ತಂದೆ.

ಆ ಶನಿವಾರ ಅವರು ಬಹಳ ಜಾಗ್ರತೆ ಮಾಡಿದರು. ಬ್ಯಾಟರಿ ತುಂಬಿದೆಯಾ, ಕರೆಂಟ್ ಇದೆಯಾ, ವಯರ್ ಸಡಿಲ ಇಲ್ಲವಲ್ಲ. ಅಪ್‌ಡೇಟ್ ಸರಾಗವಾಗಿ ಆಯಿತು. ಯಂತ್ರ ಮತ್ತೆ ಎದ್ದಿತು, ಫ್ಯಾನ್ ಸುಯ್ ಎಂದು ತಿರುಗಿತು. ಲಿನಕ್ಸಿಗೆ ಹೋದೆವು, ಪಾದ್ರಿ ಮಾತಾಡಿದ. ಟೀಚರ್ ನಕ್ಕರು. ಆದರೆ ವಿಂಡೋಸಿಗೆ ಹೋದರೆ ಒಂದು ನೀಲಿ ಪರದೆ ಮಿಂಚಿ ಮಾಯವಾಗಿ ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮೂರು ಸಲವೂ ಅದೇ.

ಸೋಮವಾರ ಶಿವಮೊಗ್ಗದ ಸಂಸ್ಥೆಯವರಿಗೆ ಫೋನ್ ಮಾಡಿ ಕೇಳುವ ಎಂದರು ಟೀಚರ್. ನಾನೇ ಆತುರ ಮಾಡಿದೆ. ಮರುದಿನ ಶಾಲೆಯೊಂದರವರು ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬರುವವರಿದ್ದರು, ಅದಕ್ಕೆ ವಿಂಡೋಸ್ ಬೇಕೇ ಬೇಕು. ಲ್ಯಾಪ್‌ಟಾಪಿನ ಚೀಲದಲ್ಲಿ ಕಂಪನಿಯ ರಿಕವರಿ ಸಿ.ಡಿ. ಇತ್ತು. ಅದನ್ನು ಹಾಕಿ ವಿಂಡೋಸ್ ಹೊಸದಾಗಿ ಕೂರಿಸಬಹುದಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿದರು. ವಿಂಡೋಸಿನ ಭಾಗದಲ್ಲಿರುವುದು ಹೋದರೆ ಹೋಗಲಿ, ಪಾಠ ಬೇರೆ ಭಾಗದಲ್ಲಿದೆ ಎಂದು ಒಪ್ಪಿದರು. ಒಂದೊಂದು ಪರದೆಯನ್ನೂ ಪೂರ್ತಿ ಓದಿ ಆಮೇಲೆ ಮುಂದೆ ಹೋಗು ಎಂದರು.

ಮೊದಲ ಪರದೆಯಲ್ಲಿ ಎರಡು ಆಯ್ಕೆ. ಓದಿದೆ. ಒಂದು, ವಿಂಡೋಸಿನ ಭಾಗ ಮಾತ್ರ. ಎರಡು, ಇಡೀ ಡಿಸ್ಕನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವುದು. ಮೊದಲನೆಯದು ಎಂದರು. ಎಂಟರ್ ಒತ್ತಿದೆ. ಪಟ್ಟಿ ಬಂದಾಗಲೇ ಗುರುತು ಎರಡನೆಯದರ ಮೇಲೆ ನಿಂತಿದ್ದನ್ನು ನಾನು ನೋಡಿರಲಿಲ್ಲ. ಇನ್ನೊಂದು ಪರದೆ ಬಂತು. ಕೆಂಪು ಅಕ್ಷರದ ನಾಲ್ಕು ಸಾಲು. ಗೋಡೆಯ ಗಡಿಯಾರದಲ್ಲಿ ಐದೂಕಾಲು. ಖಾತ್ರಿಯೇ ಎಂದು ಕೇಳುವ ಮಾಮೂಲು ಪರದೆ ಎಂದುಕೊಂಡು ಓದದೆ ಎಂಟರ್ ಒತ್ತಿಬಿಟ್ಟೆ.

ತೊಂಬತ್ತು ಪರ್ಸೆಂಟ್ ಆದಾಗ ಮೇಲಿನ ಸಾಲನ್ನು ಓದಿದೆ. ಇಡೀ ಡಿಸ್ಕ್ ಅಳಿಸಲಾಗುತ್ತಿದೆ ಎಂದಿತ್ತು.

“ಟೀಚರ್, ಎಲ್ಲ ಅಳಿಸಿ ಹೋದ ಹಾಗಿದೆ. ಅಪ್‌ಡೇಟ್ ಆಗುವಾಗಲೇ ಏನೋ ಹಾಳಾಗಿರಬೇಕು,” ಎಂದೆ.

ತೊಡೆಯ ಮೇಲಿದ್ದ ಅವರ ಬೆರಳುಗಳು ನಿಂತವು. “ಪಾಠವೂ?” ಎಂದು ಕೇಳಿದರು. ಹೌದು ಎಂದೆ. ಆಮೇಲೆ, ನಿನಗೆ ಬಸ್ಸಿನ ಹೊತ್ತಾಯಿತು, ಹೋಗು ಎಂದರು. ಮೆಟ್ಟಿಲು ಇಳಿಯುವಾಗ ಫ್ಯಾನಿನ ಸದ್ದು ಕೇಳುತ್ತಿತ್ತು. ಫ್ಯಾನ್ ಮಾತ್ರ ಸರಿಯಾಗಿತ್ತು.

ಮುಂದಿನ ವಾರ ಸಂಸ್ಥೆಯಿಂದ ಬಂದವರು ಲಿನಕ್ಸನ್ನು ಮತ್ತೆ ಹಾಕಿಕೊಟ್ಟರು. ಅಳಿಸಿಹೋದ ಪಾಠಗಳನ್ನು ಮರಳಿ ಪಡೆಯಲು ಪ್ರಯತ್ನಪಟ್ಟರು, ಬರಲಿಲ್ಲ. ಹೋಗುವ ಮೊದಲು ನನ್ನೆದುರೇ ವಿವರಿಸಿದರು: ಹೊಸ ಫರ್ಮ್‌ವೇರ್ ಡಿಸ್ಕಿನ ಒಂದು ಸೆಟ್ಟಿಂಗನ್ನು ಬದಲಾಯಿಸಿತ್ತು, ಅದರಿಂದ ವಿಂಡೋಸಿಗೆ ಡಿಸ್ಕ್ ಗುರುತು ಸಿಗಲಿಲ್ಲ, ಆ ಒಂದು ಸಾಲನ್ನು ಮೊದಲಿನ ಹಾಗೆ ಮಾಡಿದ್ದರೆ ಮುಗಿಯುತ್ತಿತ್ತು. ಟೀಚರ್ ತಲೆಯಾಡಿಸಿದರು. ನಾನು ಬಂದವರಿಗೆಂದು ಚಹಾ ತರುವ ನೆಪದಲ್ಲಿ ಕೆಳಗಿಳಿದೆ.

ಅಳಿಸಿಹೋದದ್ದನ್ನು ಅವರು ಮತ್ತೆ ಶುರುಮಾಡಿದರು. ಮೊದಲ ಪಾಠದಿಂದ, ನೆನಪಿನಿಂದ. ನಾನು ಒಂದು ಶನಿವಾರವೂ ತಪ್ಪಿಸಲಿಲ್ಲ. ಅಡುಗೆಗೆ ಬೇಕಾದದ್ದು ತರುವುದು, ಬಟ್ಟೆ ಒಣಗಿಸಿ ಮಡಚುವುದು, ಕೇಳದಿದ್ದರೂ ಮಾಡುತ್ತಿದ್ದೆ. ಸತ್ಯ ಹೇಳಬೇಕೆಂದು ಪ್ರತಿ ವಾರ ಮೆಟ್ಟಿಲು ಹತ್ತುತ್ತಿದ್ದೆ, ಹೇಳದೆ ಇಳಿಯುತ್ತಿದ್ದೆ.

ಹತ್ತನೆಯ ಪಾಠದ ಹೊತ್ತಿಗೆ ಅವರ ಸ್ವರ ನಡುನಡುವೆ ನಿಲ್ಲತೊಡಗಿತು. ಊಟ ಸೇರುತ್ತಿರಲಿಲ್ಲ. ಬೇಸಿಗೆಯ ಉಷ್ಣ ಎಂದರು, ಆಮೇಲೆ ಗ್ಯಾಸ್ಟ್ರಿಕ್ ಎಂದರು. ಕೊನೆಗೆ ಅಕ್ಕ ಬಂದು ಒತ್ತಾಯ ಮಾಡಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಹೊಟ್ಟೆಯಲ್ಲಿ ಗಡ್ಡೆ, ತಡವಾಗಿದೆ ಎಂದರು ಡಾಕ್ಟರು. ಆ ವರದಿಯನ್ನು ಅವರು ನನ್ನಿಂದ ಓದಿಸಿದರು. ಅಕ್ಕ ನನಗೆ ಕಣ್ಸನ್ನೆ ಮಾಡಿ ಬೇಡ ಎನ್ನುತ್ತಿದ್ದರು. ಒಂದು ಪದ ಬಿಡದೆ ಓದಿದೆ. ನಡುವೆ ಒಂದು ಕಡೆ ನಾನು ತಡೆದಾಗ, ಮತ್ತೆ ಶುರುಮಾಡುವವರೆಗೆ ಟೀಚರ್ ಕಾದರು.

ಅಲ್ಲಿಂದ ಶೃಂಗೇರಿಗೆ, ಅಕ್ಕನ ಮನೆಗೆ ಹೋದರು. ಲ್ಯಾಪ್‌ಟಾಪೂ ಹೋಯಿತು. ಹಾಸಿಗೆಯ ಮೇಲೆ ಒರಗಿಕೊಂಡೇ ಪಾಠ ರೆಕಾರ್ಡ್ ಮಾಡುತ್ತಿದ್ದರು. ಈಗಲೂ ಆ ಪಾಠಗಳನ್ನು ಕೇಳಿದರೆ ಇಪ್ಪತ್ತರ ನಂತರದವುಗಳಲ್ಲಿ ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಹೋದಾಗ ಅಕ್ಕ ಸ್ನಾನಕ್ಕೆ ಹೋಗಿದ್ದರು. ಟೀಚರ ಮಂಚದ ಬದಿಗೆ ಕೂತು ಎಲ್ಲ ಹೇಳಿದೆ. ಎರಡನೆಯ ಪರದೆಯನ್ನು ಓದಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು, ಸುಳ್ಳು ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ಅವರಿಗೆ ಅದು ಕಾಣುವುದಿಲ್ಲ ಎಂಬುದೂ ಆಗ ನೆನಪಿರಲಿಲ್ಲ.

“ನಂಗೆ ಗೊತ್ತಿತ್ತು,” ಎಂದರು ನಿಧಾನವಾಗಿ. “ನೀನು ಓದಿದ್ದು ಒಂದು ಸಲ. ಎಂಟರ್ ಸದ್ದು ಕೇಳಿದ್ದು ಎರಡು ಸಲ.”

ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀನು ಬರೋದು ಬಿಡ್ತಿದ್ದೆ. ನಂಗೆ ಕಣ್ಣು ಬೇಕಿತ್ತಲ್ಲ ಮಾರಾಯ್ತಿ.”

ಅದರಲ್ಲಿ ಸಿಟ್ಟು ಇರಲಿಲ್ಲ, ದೊಡ್ಡ ಮನಸ್ಸು ತೋರಿಸುವ ಆಸೆಯೂ ಇರಲಿಲ್ಲ. ಇದ್ದದ್ದನ್ನು ಹೇಳಿದರು. ಆಮೇಲೆ, ಮೊದಲ ಸಲ ಮಾಡಿದಾಗ ಐದನೆಯ ಪಾಠ ಬಹಳ ಚೆನ್ನಾಗಿ ಬಂದಿತ್ತು, ಈ ಸಲ ಅಷ್ಟು ಬರಲಿಲ್ಲ ಎಂದರು. ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದರು. ಅವರು ನನ್ನ ಮೇಲೆ ಹೊರಿಸಿದ್ದು ಅದೊಂದೇ. ಅದು ಇವತ್ತಿಗೂ ಇಳಿದಿಲ್ಲ.

ಹನ್ನೆರಡು ದಿನಕ್ಕೆ ತೀರಿಕೊಂಡರು. ನಾನು ಶೃಂಗೇರಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಕಂಡಕ್ಟರು ಒಬ್ಬರೇ ನಿಂತಿದ್ದರು. ಸೀತೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಲ್ಯಾಪ್‌ಟಾಪನ್ನು ಟೀಚರ ಅಕ್ಕ ಕಂಡಕ್ಟರ ಕೈಗೇ ಕೊಟ್ಟು ಕಳಿಸಿದರು.

ತಿಂಗಳಾದ ಮೇಲೆ ನನ್ನ ಆಫೀಸಿಗೆ ಒಂದು ಕಾಗದ ಬಂತು. ಕಂಡಕ್ಟರು ತಾವೇ ಟೈಪ್ ಮಾಡಿ, ಎನ್.ಆರ್. ಪುರದ ಅಂಗಡಿಯೊಂದರಲ್ಲಿ ಪ್ರಿಂಟ್ ತೆಗೆಸಿ ಕಳಿಸಿದ್ದರು. ತಪ್ಪಿಲ್ಲದ ಟೈಪಿಂಗ್. ಟೀಚರ್ ಹೋಗಿ ಇವತ್ತಿಗೆ ಮೂವತ್ತೊಂದು ದಿನ ಎಂದು ಬರೆದಿದ್ದರು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಅಭ್ಯಾಸ ಮಾಡುತ್ತೇನೆ, ಟೀಚರ್ ಎರಡನೆಯ ಸಲ ಮಾಡಿಟ್ಟ ಮೂವತ್ತಮೂರು ಪಾಠವೂ ಬಾಯಿಗೆ ಬಂದಿವೆ ಎಂದೂ ಬರೆದಿದ್ದರು. ಎರಡನೆಯ ಸಲ ಓದುವಾಗ ಗಮನಕ್ಕೆ ಬಂತು, ಇಡೀ ಕಾಗದದಲ್ಲಿ ಒಂದೇ ಒಂದು ಅಂಕಿ ಇರಲಿಲ್ಲ. ಪಿನ್ ಕೋಡನ್ನೂ ಅಕ್ಷರದಲ್ಲೇ ಬರೆದಿದ್ದರು. ಅಂಕಿಗಳ ಸಾಲು ಬರುವುದು ಮೂವತ್ತನಾಲ್ಕನೆಯ ಪಾಠದಲ್ಲಿ. ಟೀಚರ್ ಅದನ್ನು ಒಂದು ಸಲ ಮಾಡಿ ಮುಗಿಸಿದ್ದರು.

ಆ ಶನಿವಾರ ಭಂಡಿಗಡಿಗೆ ಹೋಗದೆ ಸೀತೂರಿನ ಬಸ್ಸು ಹತ್ತಿದೆ. ಕಂಡಕ್ಟರ ಮನೆಯ ಜಗಲಿಯಲ್ಲಿ ಕೂತು, ಲ್ಯಾಪ್‌ಟಾಪ್ ತೆರೆಯುವ ಮೊದಲು, ಮೊದಲಿನ ನಲವತ್ತು ಪಾಠಗಳನ್ನು ಅಳಿಸಿದ್ದು ನಾನು ಎಂದು ಹೇಳಿದೆ. ಹೇಗೆ ಎಂಬುದನ್ನೂ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಒಳಗಿನಿಂದ ಅವರ ಹೆಂಡತಿ ನೀರು ತಂದಿಟ್ಟು ಹೋದರು. ಕಂಡಕ್ಟರು ಲ್ಯಾಪ್‌ಟಾಪ್ ತೆರೆದು ಎರಡೂ ಕೈಗಳನ್ನು ಕೀಲಿಗಳ ಮೇಲೆ ಸರಿಯಾಗಿ ಇಟ್ಟುಕೊಂಡರು.

“ಒಂದರ ಅಂಕಿ ಎಲ್ಲಿದೆ, ಹೇಳಿ,” ಎಂದರು.