ಗಂಜಿಯಕ್ಕನ ಆಲೂಗಡ್ಡೆ

ಗಂಜಿಯಕ್ಕನಿಗೆ ಆ ಹೆಸರು ಬಂದದ್ದು ಲಾಂಡ್ರಿಯಲ್ಲಿ. ಡಾಕ್ಟರುಗಳ ಬಿಳಿ ಕೋಟಿಗೆ ಅವಳು ಹಾಕುವ ಗಂಜಿ ಎಂಥದ್ದೆಂದರೆ, ಒಣಗಿದ ಕೋಟನ್ನು ನೆಲದ ಮೇಲೆ ಇಟ್ಟರೆ ಒಳಗೆ ಡಾಕ್ಟರಿಲ್ಲದಿದ್ದರೂ ಅದು ನಿಂತೇ ಇರುತ್ತಿತ್ತು. ಅವಳ ಸ್ವಭಾವಕ್ಕೂ ಒಂದಿಷ್ಟು ಗಂಜಿ ಬಿದ್ದಿದೆ ಎಂದು ಇಸ್ತ್ರಿಯವನು ತಮಾಷೆ ಮಾಡುತ್ತಿದ್ದ. ಸುಳ್ಳೇನಲ್ಲ. ಯಾರಾದರೂ ಒಂದು ಮಾತು ಅಂದರೆ ಅದನ್ನು ಚೊಕ್ಕವಾಗಿ ಮಡಚಿ, ಒತ್ತಿ, ಮನಸ್ಸಿನೊಳಗೆ ಇಟ್ಟುಕೊಳ್ಳುವ ಹೆಂಗಸು ಅವಳು. ಹತ್ತು ವರ್ಷ ಬಿಟ್ಟು ತೆಗೆದರೂ ಒಂದು ಸುಕ್ಕು ಇರುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಮಕ್ಕಳಿಲ್ಲ. ತಾಯಿ ಸಾಯುವ ಮುಂಚೆ ಮಗನನ್ನು ಹತ್ತಿರ ಕೂರಿಸಿಕೊಂಡು, "ಹಿಂದಿನ ರೂಮು, ಅದರ ಪಕ್ಕದ ಹಿತ್ತಿಲ ತುಂಡು, ಎರಡೂ ನಿನ್ ತಂಗಿಗೆ. ಇದರಲ್ಲಿ ಎರಡನೇ ಮಾತಿಲ್ಲ" ಎಂದಿದ್ದಳು. ಅಣ್ಣ ಗಡಿಯಾರ ರಿಪೇರಿಯವನು, ಮೆತ್ತಗಿನ ಮನುಷ್ಯ, ಎರಡನೇ ಮಾತು ಆಡಲಿಲ್ಲ. ಅದನ್ನು ಆಡಲು ಅತ್ತಿಗೆ ಇದ್ದಳು.

ಆ ಹಿತ್ತಿಲ ತುಂಡಿನಲ್ಲಿ ಒಂದು ಒಗೆಯುವ ಕಲ್ಲು, ಒಂದು ನಲ್ಲಿ, ಬಟ್ಟೆ ಒಣಹಾಕುವ ತಂತಿ, ಉಳಿದದ್ದು ಬರಿ ಮಣ್ಣು. ಲಾಂಡ್ರಿಗೆ ಹೋಗುವ ಮುಂಚೆ ಗಂಜಿಯಕ್ಕ ಅಲ್ಲೇ ನಾಲ್ಕಾರು ಡಾಕ್ಟರುಗಳ ಕೋಟು ಬ್ಲೀಚಿಂಗ್ ಪುಡಿ ಹಾಕಿ ಒಗೆದುಕೊಡುತ್ತಿದ್ದಳು. ಪಕ್ಕದಲ್ಲಿ, ಇಟ್ಟಿಗೆ ಸಾಲಿನ ಆಚೆ, ಅತ್ತಿಗೆಯ ಗುಲಾಬಿ ಪಾತಿ. ಬೀದಿಯ ಹೆಂಗಸರೆಲ್ಲ ಅದನ್ನು ಹೊಗಳಬೇಕು. ಹೊಗಳದವರಿಗೆ ಆ ಮನೆಯಲ್ಲಿ ಕುಡಿಯಲು ನೀರೂ ಸಿಗುತ್ತಿರಲಿಲ್ಲ.

ಒಂದು ದಿನ ಅಕ್ಕಪಕ್ಕದ ಹೆಂಗಸರು ಗುಲಾಬಿ ನೋಡುತ್ತ ನಿಂತಿದ್ದಾಗ ಅತ್ತಿಗೆ ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಯವಾಗಿ ಅಂದಳು: "ಆ ಕಡೆ ಸಿಮೆಂಟ್ ಹಾಕಿಸಿದ್ರೆ ಇವರ ಸ್ಕೂಟರ್ ಆರಾಮಾಗಿ ನಿಲ್ಲುತ್ತೆ. ಹೇಗೂ ಅಲ್ಲೊಂದು ಹುಲ್ಲುಕಡ್ಡಿ ಹುಟ್ಟಲ್ಲ. ನಮ್ಮವಳ ಕೈಯೇ ಬರಡು. ಪಾಪ, ಅವಳ್ದೇನು ತಪ್ಪು?"

ಗಂಜಿಯಕ್ಕ ತಂತಿಯ ಹಿಂದೆ ಕೋಟು ಹಿಂಡುತ್ತಿದ್ದಳು. ಬರಡು ಅಂದದ್ದನ್ನಾದರೂ ಅವಳು ಕ್ಷಮಿಸುತ್ತಿದ್ದಳೇನೋ. ಆ 'ಪಾಪ' ಇದೆಯಲ್ಲ, ಅದು ಮೈಗೆಲ್ಲ ಬೆಂಕಿ ಇಟ್ಟಿತು.

ರಾತ್ರಿ ಊಟದ ಹೊತ್ತಿಗೆ ವಿಷಯ ಅಣ್ಣನ ಮುಂದೆ ಬಂತು. ಅವನು ಹೆಂಡತಿಯ ಮುಖ ನೋಡಿದ, ತಂಗಿಯ ಮುಖ ನೋಡಿದ, ಕೊನೆಗೆ ತಟ್ಟೆಯ ಮುಖ ನೋಡಿಕೊಂಡು ಹೇಳಿದ: "ಗಾರೆಯವನು ಈಗ ಬೇರೆ ಕಡೆ ಕೆಲಸ ಹಿಡಿದಿದ್ದಾನೆ. ಅವನು ಬರೋದ್ರೊಳಗೆ ಏನಾದ್ರೂ ಬೆಳೆಸಿ ತೋರಿಸಮ್ಮ. ಬೆಳೆದ್ರೆ ಆ ಜಾಗದ ತಂಟೆಗೆ ಯಾರೂ ಬರಲ್ಲ. ಇಲ್ಲಾಂದ್ರೆ ಸಿಮೆಂಟು."

"ಆಯ್ತು" ಎಂದಳು ಗಂಜಿಯಕ್ಕ.

ಅವಳ ಮಂಚದ ಕೆಳಗಿನ ಬುಟ್ಟಿಯಲ್ಲಿ ಮರೆತುಹೋದ ಆಲೂಗಡ್ಡೆಗಳಿದ್ದವು. ಕತ್ತಲಲ್ಲೇ ಕಣ್ಣೊಡೆದು ಬಿಳಿ ಮೊಳಕೆ ಬಿಟ್ಟಿದ್ದವು. ಬುಟ್ಟಿಯಲ್ಲೇ ಹುಟ್ಟುವುದು ಮಣ್ಣಲ್ಲಿ ಹುಟ್ಟದೇ ಇರುತ್ತದೆಯೇ? ಹೋಳಿಗೊಂದು ಮೊಳಕೆ ಇರುವ ಹಾಗೆ ನೋಡಿ ಕತ್ತರಿಸಿದಳು, ಒಗೆಯುವ ಕಲ್ಲಿನ ಮಗ್ಗುಲಲ್ಲೇ ಮಣ್ಣು ಸಡಿಲ ಮಾಡಿ ಸಾಲಾಗಿ ಹೂತಳು. ಎರಡು ಮೂರು ಗಡ್ಡೆ ಇಡಿಯಾಗಿ ಬುಟ್ಟಿಯಲ್ಲೇ ಉಳಿದವು. ಒಂದೊಂದು ಹೋಳು ಹೂಳುವಾಗಲೂ ಅವಳ ಕಣ್ಣ ಮುಂದೆ ಒಂದೇ ಚಿತ್ರ: ಅದೇ ಹೆಂಗಸರನ್ನು ಕರೆದು ಕೂರಿಸಬೇಕು, ಅವರ ಮುಂದೆ ಅತ್ತಿಗೆಯ ಕೈಗೆ ಚಾಕು ಕೊಟ್ಟು, "ಸ್ವಲ್ಪ ಸಿಪ್ಪೆ ತೆಗೀರಿ ಅತ್ತಿಗೆ, ಬರಡು ಕೈಲಿ ಬೆಳೆದದ್ದು" ಅನ್ನಬೇಕು.

ಆಮೇಲೆ ಶುರುವಾಯಿತು ಕಾಯುವುದು. ಅಯ್ಯೋ, ಆ ಕಾಯುವಿಕೆ ಶತ್ರುವಿಗೂ ಬೇಡ! ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮುಂಚೆ ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಮಣ್ಣು ಬಿರಿದ ಹಾಗೆ ಕಂಡರೆ ಮೂಗು ತಾಗುವಷ್ಟು ಬಗ್ಗುತ್ತಿದ್ದಳು. ನೋಡಿದರೆ ಇರುವೆ ಗೂಡು. ಹಸಿರು ಕಂಡಂತಾದರೆ ಪಕ್ಕದ ಮನೆಯಿಂದ ಹಾರಿಬಂದ ಎಲೆ. ಕೋಟು ಒಗೆದು ಮುಗಿಸಿ, ಜಾಲಿಸಿದ ನೀರನ್ನು ಬಕೆಟ್ಟುಗಟ್ಟಲೆ ಸಾಲಿಗೆ ಸುರಿಯುತ್ತಿದ್ದಳು. ಹನಿ ನೀರೂ ದಂಡವಾಗಬಾರದು ಎಂದು ತಾಯಿ ಕಲಿಸಿದ ಬುದ್ಧಿ. ಅಡುಗೆಮನೆ ಕಿಟಕಿಯಿಂದ ಅತ್ತಿಗೆ ದಿನಾ ಇಣುಕುವಳು.

"ಏನಮ್ಮ, ಬಂತಾ?"

"ಬರುತ್ತೆ ಅತ್ತಿಗೆ. ಬಂದಾಗ ನಿಮ್ಮನ್ನೇ ಮೊದಲು ಕರೀತೀನಿ."

"ಕರಿ, ಕರಿ. ಚೆನ್ನಾಗಿ ನೀರು ಹಾಕು" ಎಂದು ಅತ್ತಿಗೆ ನಗುವಳು.

ಬರಲಿಲ್ಲ. ವಾರಗಳು ಹೋದವು, ಮಣ್ಣು ಸತ್ತವರ ಹಾಗೆ ಮಲಗಿತ್ತು. ಕೊನೆಗೊಂದು ಬೆಳಿಗ್ಗೆ ತಡೆಯಲಾಗದೆ ಗಂಜಿಯಕ್ಕ ಬೆರಳು ಹಾಕಿ ಬಗೆದಳು. ಮೊದಲ ಹೋಳು ಕೈಗೆ ಅಂಟಿತು, ಕಪ್ಪಗೆ, ಲೋಳೆಯಾಗಿ, ಮೂಗು ಬಿಡಲಾಗದ ನಾತ. ಎರಡನೆಯದೂ ಅದೇ. ಇಡೀ ಸಾಲು ಕೊಳೆತಿತ್ತು.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಾನಾಗಿ ಹೀಗಾಗುತ್ತದೆಯೇ? ತಾನು ಲಾಂಡ್ರಿಗೆ ಹೋದಾಗ ಆ ಮಾರಿ ಕುದಿಯುವ ನೀರು ತಂದು ಸುರಿದಿದ್ದಾಳೆ, ಮತ್ತೇನು! ಕೊಳೆತದ್ದನ್ನೆಲ್ಲ ಬಕೆಟ್ಟಿಗೆ ತುಂಬಿದಳು, ಬುಟ್ಟಿಯಲ್ಲಿ ಉಳಿದಿದ್ದ ಗಡ್ಡೆಗಳನ್ನೂ ಸೇರಿಸಿದಳು, ಅತ್ತಿಗೆ ಮನೆಯಲ್ಲಿಲ್ಲದ ಹೊತ್ತು ನೋಡಿ ಇಟ್ಟಿಗೆ ಸಾಲು ದಾಟಿದಳು. ಗುಲಾಬಿ ಪಾತಿಯೊಳಗೆ ಎಲ್ಲವನ್ನೂ ಸುರಿದು, ಹಿಮ್ಮಡಿಯಿಂದ ತುಳಿದು ತುಳಿದು ಒಳಗೆ ಸೇರಿಸಿ, ಮೇಲೆ ಮಣ್ಣು ಎಳೆದಳು. "ನಿನ್ನ ಗುಲಾಬಿಗೂ ಇದೇ ಗತಿ ಬರಲಿ. ಹಾಳಾಗಿ ಹೋಗಲಿ!" ಹೊಟ್ಟೆ ಒಂಚೂರು ತಣ್ಣಗಾಯಿತು.

ಗುಲಾಬಿಗೆ ಏನೂ ಆಗಲಿಲ್ಲ. ಬದಲಿಗೆ ಪಾತಿಯ ನಟ್ಟನಡುವೆ ಒಂದು ಹೊಸ ಗಿಡ ತಲೆ ಎತ್ತಿತು. ದಪ್ಪ ಕಾಂಡ, ಸುಕ್ಕುಸುಕ್ಕಾದ ಕಡುಹಸಿರು ಎಲೆ. ಅತ್ತಿಗೆ ಕುಣಿದಾಡಿದಳು. "ಗೊಬ್ಬರದ ಜೊತೆ ಯಾವುದೋ ಬೀಜ ಬಂದಿದೆ ಕಣ್ರೀ. ಒಳ್ಳೇ ಜಾತಿದು, ಎಲೆ ನೋಡಿದ್ರೇ ಗೊತ್ತಾಗುತ್ತೆ" ಎಂದು ಗಂಡನಿಗೆ ತೋರಿಸಿದಳು. ಕಡ್ಡಿ ನೆಟ್ಟು ದಾರ ಕಟ್ಟಿದಳು, ಬುಡಕ್ಕೆ ಮಣ್ಣು ಏರಿಸಿದಳು, ಹೊತ್ತು ಹೊತ್ತಿಗೆ ನೀರು ಹಾಕಿದಳು.

ಗಂಜಿಯಕ್ಕನಿಗೂ ಅದೇನೆಂದು ತಿಳಿಯದು. ಅವಳು ಕಂಡ ಆಲೂಗಡ್ಡೆ ಅಂಗಡಿಯದ್ದು, ಎಲೆ ನೋಡಿದವಳಲ್ಲ. ಅನುಮಾನ ಬಂದು ಬಿದ್ದ ಎಲೆಯೊಂದನ್ನು ಲಾಂಡ್ರಿಗೆ ಒಯ್ದಳು. ಇಸ್ತ್ರಿಯವನು ಹೊಲದಲ್ಲಿ ಬೆಳೆದವನು.

"ಇದು ಆಲೂಗಡ್ಡೆ ಎಲೆ ಅಲ್ವಾ ಅಕ್ಕ? ಬಂತಾ ಹಾಗಾದ್ರೆ ನಿಮ್ದು?"

ಗಂಜಿಯಕ್ಕ ಇಸ್ತ್ರಿ ಮೇಜು ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಬಂತು ಕಣಯ್ಯ. ಚೆನ್ನಾಗಿ ಸಾಕ್ತಾ ಇದಾರೆ!"

"ಗಿಡ ತಾನಾಗಿ ಒಣಗಿ ಬಾಗೋವರೆಗೂ ಮುಟ್ಟಬೇಡಿ ಮತ್ತೆ. ಆಗಲೇ ಗಡ್ಡೆ ಬಲಿಯೋದು."

ಮುಟ್ಟಲಿಲ್ಲ. ಬಾಯಿ ಬಿಡಲಿಲ್ಲ. ತನ್ನನ್ನು ಬರಡು ಅಂದವಳು ತನ್ನ ಬೆಳೆಗೇ ಆಳಾಗಿ ದುಡಿಯುವುದನ್ನು ದಿನಾ ಕೂತು ನೋಡಿದಳು. ಅಷ್ಟು ಸುಖ ಅವಳಿಗೆ ಮದುವೆಯಾದ ಹೊಸದರಲ್ಲೂ ಸಿಕ್ಕಿರಲಿಲ್ಲ. ಗಿಡ ಹೂ ಬಿಟ್ಟಾಗ, ಬಿಳಿ ಎಸಳು, ನಡುವೆ ಹಳದಿ, ಅತ್ತಿಗೆ ಬೀದಿಯ ಹೆಂಗಸರನ್ನೆಲ್ಲ ಕರೆತಂದಳು. ಅವರೂ "ಅಬ್ಬಾ, ಎಂಥ ಹೂವು!" ಎಂದು ಹೊಗಳಿದರು; ಹೊಗಳದೆ ಬದುಕುಂಟೇ?

ಅದೇ ಹೊತ್ತಿಗೆ ಗಾರೆಯವನು ಬಂದ. ಕರಣೆ, ಬಾಂಡ್ಲಿ, ಸಿಮೆಂಟಿನ ಚೀಲ. ಅಣ್ಣ ತಲೆ ಕೆರೆದುಕೊಳ್ಳುತ್ತ ನಿಂತ. "ಏನಮ್ಮ, ಏನೂ ಹುಟ್ಟಲಿಲ್ಲವಲ್ಲ. ಮಾತು ಅಂದ್ರೆ ಮಾತು."

ಗಂಜಿಯಕ್ಕ ಒದ್ದೆ ಕೋಟನ್ನು ಕಲ್ಲಿನ ಮೇಲೆ ಇಟ್ಟಳು. ಇಸ್ತ್ರಿಯವನ ಮಾತು ನೆನಪಿತ್ತು. ಮೆಲ್ಲಗೆ ಬುಡ ಬಗೆದು ಒಂದು ಗಡ್ಡೆ ತೋರಿಸಿದ್ದರೂ ಸಾಕಿತ್ತು, ಗಿಡ ಉಳಿಯುತ್ತಿತ್ತು. ಆದರೆ ಅತ್ತಿಗೆ ಎಲ್ಲರೆದುರು ಹೂವಿಗೆ ಕೈ ಸವರುತ್ತ ನಿಂತಿದ್ದಳಲ್ಲ, ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಇಟ್ಟಿಗೆ ಸಾಲು ದಾಟಿದಳು, ಗಿಡದ ಕುತ್ತಿಗೆ ಹಿಡಿದಳು, ಒಂದೇ ಜಗ್ಗಿಗೆ ಬೇರು ಸಮೇತ ಕಿತ್ತಳು.

"ಅಯ್ಯಯ್ಯೋ, ನನ್ನ ಹೂವಿನ ಗಿಡ!" ಎಂದು ಅತ್ತಿಗೆ ಚೀರಿದಳು.

"ಹೂವಲ್ಲ ಅತ್ತಿಗೆ, ಆಲೂಗಡ್ಡೆ. ನಾನು ಎಸೆದದ್ದು. ನೀವು ಸಾಕಿದ್ದು." ಬೇರಿನಲ್ಲಿ ಗೋಲಿಯಷ್ಟು ಗಾತ್ರದ ಎಳೆ ಗಡ್ಡೆಗಳು ತೂಗಾಡುತ್ತಿದ್ದವು. "ಈಗ ಹೇಳಿ, ಯಾರ ಕೈ ಬರಡು?"

ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಗಾರೆಯವನು ಕೂಡ ಬಾಂಡ್ಲಿ ಕೆಳಗಿಟ್ಟು ನಕ್ಕ. ಅತ್ತಿಗೆಯ ಮುಖ ಕೆಂಡವಾಯಿತು.

"ಬೆಳೆದದ್ದು ನನ್ನ ಮಣ್ಣಲ್ಲಿ! ನಿನ್ನ ಮಣ್ಣಲ್ಲಿ ಹೇಗೆ ಬೆಳೆಯುತ್ತೆ? ದಿನಾ ಬಕೆಟ್ಟುಗಟ್ಟಲೆ ಬ್ಲೀಚಿಂಗ್ ನೀರು ಸುರೀತಿದ್ರೆ ಏನು ಬದುಕುತ್ತೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತಿಗೆ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಅಣ್ಣ ಅವಳ ಕಡೆ ತಿರುಗಿದ್ದ.

"ನಿಂಗೆ ಗೊತ್ತಿತ್ತಾ?"

"ಅದೂ... ಕಿಟಕಿಯಿಂದ ಕಾಣುತ್ತಲ್ಲ ರೀ..."

"ಗೊತ್ತಿದ್ದೂ ದಿನಾ 'ಬಂತಾ, ಬಂತಾ' ಅಂತ ಕೇಳ್ತಿದ್ಯಾ?" ಜನ್ಮದಲ್ಲಿ ದನಿ ಏರಿಸದ ಮನುಷ್ಯ ಗಾರೆಯವನಿಗೆ ಹೇಳಿದ: "ನೀನು ಹೊರಡಪ್ಪ. ಇಲ್ಲಿ ಸಿಮೆಂಟ್ ಬೇಡ. ಇವತ್ತೂ ಬೇಡ, ಮುಂದೆಯೂ ಬೇಡ." ಅತ್ತಿಗೆ ಒಳಗೆ ಹೋಗಿ ಬಾಗಿಲು ಬಡಿದುಕೊಂಡಳು.

ಹಿತ್ತಿಲು ಉಳಿಯಿತು. ಗಂಜಿಯಕ್ಕ ಗೆದ್ದಳು. ರೂಮಿಗೆ ಬಂದು ಮಂಚದ ಮೇಲೆ ಕೂತು ಮಡಿಲಲ್ಲಿ ಗಡ್ಡೆಗಳನ್ನು ಹರಡಿಕೊಂಡಳು. ಒಂದು ಹಿಡಿಯೂ ತುಂಬಲಿಲ್ಲ. ಆಗ ಆ ಬಕೆಟ್ಟುಗಳು ಒಂದೊಂದಾಗಿ ನೆನಪಿಗೆ ಬಂದವು. ಯಾರೂ ಕುದಿಯುವ ನೀರು ತಂದಿರಲಿಲ್ಲ. ಕೊಂದದ್ದು ತಾನೇ, ದಿನಾ, ಇದೇ ಕೈಯಿಂದ, ಆಸೆಪಟ್ಟು. ಬದುಕಿದ ಒಂದನ್ನೂ ಬಲಿಯುವ ಮುಂಚೆ ಕಿತ್ತದ್ದು ಇದೇ ಕೈ. ಮೊದಲ ಸಲ ಅವಳು ಅತ್ತಳು. ಆದರೆ ಅಳು ನಿಂತ ಮೇಲೆ ನೆನಪಾದದ್ದು ಬೇರೆ: "ಚೆನ್ನಾಗಿ ನೀರು ಹಾಕು" ಎಂದು ನಕ್ಕ ಆ ಮುಖ. ನೋಡಿಕೊಂಡು ಸುಮ್ಮನಿದ್ದಳಲ್ಲ! ಸಿಟ್ಟು ಮತ್ತೆ ತನ್ನ ಜಾಗ ಹುಡುಕಿಕೊಂಡು ಬಂದು ಕೂತಿತು.

ಮರುದಿನ ಕಲ್ಲಿನಿಂದ ದೂರ, ಹಿತ್ತಿಲ ಆ ತುದಿಯಲ್ಲಿ, ಆ ಗೋಲಿಗಳನ್ನು ಹೂತಳು. "ಹೊಸ ಗಡ್ಡೆ ಬೇಗ ಮೊಳೆಯಲ್ಲ ಅಕ್ಕ, ತಿಂಗಳುಗಟ್ಟಲೆ ಹಿಡಿಯುತ್ತೆ" ಎಂದ ಇಸ್ತ್ರಿಯವನು. "ಹಿಡೀಲಿ ಬಿಡು, ನಂಗೇನು ಅವಸರ?" ಎಂದಳು. ಒಗೆದ ನೀರನ್ನೆಲ್ಲ ಮೋರಿಗೆ ಚೆಲ್ಲಿದಳು. ಆಮೇಲೆ ರೂಮಿನಿಂದ ಕುರ್ಚಿ ತಂದು, ಮಣ್ಣಿಗೆ ಬೆನ್ನು ಮಾಡಿ, ಅಡುಗೆಮನೆ ಕಿಟಕಿಗೆ ಮುಖ ಮಾಡಿ ಕೂತಳು.

ಕಿಟಕಿ ತೆರೆಯಿತು. ಅಭ್ಯಾಸಬಲದಿಂದ ಅತ್ತಿಗೆಯ ಬಾಯಿಂದ "ಏನಮ್ಮ..." ಎಂದು ಅರ್ಧ ಮಾತು ಬಂತು, ಅಲ್ಲೇ ನಿಂತಿತು.

"ಕೇಳಿ ಅತ್ತಿಗೆ, ಯಾಕೆ ನಿಲ್ಲಿಸಿದ್ರಿ?" ಎಂದಳು ಗಂಜಿಯಕ್ಕ. "ಇನ್ನೂ ಬಂದಿಲ್ಲ. ನಾಳೆನೂ ಕೇಳಿ. ನಾನು ಇಲ್ಲೇ ಕೂತಿರ್ತೀನಿ."