ಮುರಿಯದ ಅಚ್ಚು

ಚನ್ನಪಟ್ಟಣದ ನಮ್ಮ ಬೀದಿಯ ಕಮ್ಮಾರ ಎತ್ತಿನ ಗಾಡಿಯ ಅಚ್ಚಿಗೆ ಹೆಸರಾದವನು. ಕೈಗೆ ಸಿಕ್ಕಿದ್ದನ್ನೆಲ್ಲ, ನಾನು ಕೊಟ್ಟ ಮಜ್ಜಿಗೆ ಲೋಟವನ್ನೂ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. ಯಾರು ತಕರಾರು ತಂದರೂ ಆತನ ಪ್ರಶ್ನೆ ಒಂದೇ: "ಮುರೀತಾ?"

ಮಾಗಡಿ ಸಾಹುಕಾರರ ಮೋಟಾರನ್ನು ಓಟದಲ್ಲಿ ಸೋಲಿಸುತ್ತೇನೆ, ಸೋತರೆ ಮೀಸೆ ಬೋಳಿಸುತ್ತೇನೆ ಎಂದು ನಮ್ಮ ಮಾವನವರು ಪಣ ಕಟ್ಟಿದ್ದರು. ಮಾವನವರ ಮೋಟಾರಿನ ಹಿಂದಿನ ಅಚ್ಚು ಆಗಲೇ ಎರಡು ಸಲ ಮುರಿದಿತ್ತು. ಕಮ್ಮಾರ ನನ್ನ ತೋಳಿನಷ್ಟು ದಪ್ಪದ ಹೊಸ ಅಚ್ಚು ಬಡಿದು ಕೂರಿಸಿದ.

"ಒಸಿ ಓಡಿಸಿ ನೋಡೋಣವೇನಯ್ಯ?" ಎಂದರು ಮಾವ.

"ಪೂಜೆ ಆಗ್ದೆ ಹೊಸ ಅಚ್ಚು ಉರುಳಬಾರ್ದು ಬುದ್ಧಿ. ಆನೆ ಕುಂತ್ರೂ ಜಗ್ಗಾಕಿಲ್ಲ, ಸುಮ್ಕಿರಿ."

ಓಟದ ಬೆಳಿಗ್ಗೆಯೇ, ಓಟ ಹೊರಡುವ ಕುಲುಮೆಯ ಮುಂದೆ, ಪೂಜೆಯಾಯಿತು. ಎಂಜಿನ್ ಗುಡುಗಿತು, ಮೋಟಾರು ಮಾತ್ರ ನಿಂತಲ್ಲೇ ನಿಂತಿತು. ಗಾಡಿಯಲ್ಲಿ ಅಚ್ಚು ಅಲುಗುವುದಿಲ್ಲ, ಚಕ್ರವಷ್ಟೇ ಸುತ್ತುತ್ತದೆ. ಮೋಟಾರಿನಲ್ಲಿ ಅಚ್ಚೇ ಚಕ್ರವನ್ನು ತಿರುಗಿಸಬೇಕು. ಈತ ಗಾಡಿಯ ರೂಢಿಯಂತೆ ಚಕ್ರಗಳನ್ನು ಸಡಿಲ ಬಿಟ್ಟಿದ್ದ. ಒಳಗೆ ಅಚ್ಚು ಒಂದೇ ಸಮನೆ ತಿರುಗುತ್ತಿತ್ತು, ಮಾಗಡಿಯ ಮೋಟಾರಿನ ಧೂಳೂ ಆಗಲೇ ಅಡಗಿತ್ತು.

ಮಧ್ಯಾಹ್ನ ಎತ್ತುಗಳು ಮೋಟಾರನ್ನು ಮನೆಗೆ ಎಳೆದು ತಂದವು. ಕ್ಷೌರದವನು ಜಗಲಿಗೆ ಬಂದ. ಕಮ್ಮಾರ ಬಗ್ಗಿ ಅಚ್ಚನ್ನು ತಟ್ಟಿ, ಕಿವಿಗೊಟ್ಟು, ತೃಪ್ತಿಯಿಂದ ತಲೆಯೆತ್ತಿದ.

"ಬುದ್ಧಿ, ಮುರೀತಾ?"

ಕತ್ತಿ ಮೂಗಿನ ಕೆಳಗಿದ್ದುದರಿಂದ ಮಾವನವರಿಗೆ ಉತ್ತರ ಕೊಡಲಾಗಲಿಲ್ಲ.