ಮಗಳಿಗೆ ಹೇಳದ ಮಾತು

ಪಕ್ಕದ ಮನೆಯವರು ಮಂಡಕ್ಕಿ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದರೆಂದರೆ ಅದರ ಘಮ ಅಪ್ಪಣೆ ಕೇಳದೆ ನಮ್ಮ ಕಿಟಕಿಯಿಂದ ಒಳಗೆ ಬರುತ್ತದೆ. ಇವತ್ತು ಸಂಜೆಯೂ ಬಂತು. ಬಟ್ಟೆ ಮಡಚುತ್ತಿದ್ದವಳು ಹಾಗೇ ಕುಳಿತೆ. ಹಸಿವು ಅಂದುಕೊಂಡಿರಾ? ಹಸಿವೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ನೆನಪಾದದ್ದು ಓಬಮ್ಮ. ಹೆಸರು ನಾನಿಟ್ಟದ್ದು, ನಿಜವಾದ ಹೆಸರು ನನ್ನ ಹತ್ತಿರವೇ ಇರಲಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಪ್ತಸಮಾಲೋಚನೆ ಕಲಿತು ಬಂದು ಚಳ್ಳಕೆರೆಯಲ್ಲಿ ರೂಮು ಮಾಡಿಕೊಂಡಿದ್ದೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗುವುದು. ಅಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನ ಹಿಂದೆ ಔಷಧಿ ಡಬ್ಬಗಳನ್ನಿಡುವ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಎರಡು ಕುರ್ಚಿ, ಒಂದು ಫ್ಯಾನು. ಸೂಜಿ ಇಲ್ಲ, ಮಾತ್ರೆ ಇಲ್ಲ, ಬರೀ ಮಾತಾಡಿಸುವ ಮೇಡಂ ಎಂದು ಕಾಂಪೌಂಡರು ನನ್ನನ್ನು ಜನಕ್ಕೆ ವಿವರಿಸುತ್ತಿದ್ದರು. ಮಾತಾಡೋಕೆ ನಮ್ಮನೇಲಿ ಜನ ಇಲ್ವೇನ್ರಿ ಎಂದು ಒಬ್ಬ ಅಜ್ಜ ಎದ್ದುಹೋದದ್ದೂ ಉಂಟು.

ಓಬಮ್ಮ ನೇಕಾರರ ಮನೆಯವರು. ಗಂಡ ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದರೆ ಇವರು ರಾಟೆಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವವರು. ಸುತ್ತುತ್ತ ಸುತ್ತುತ್ತ ಕೈ ನಿಂತುಬಿಡುತ್ತಿತ್ತು. ನಿದ್ದೆ ಇರಲಿಲ್ಲ. ಮೈಯಲ್ಲಿ ಯಾವ ಕಾಯಿಲೆಯೂ ಸಿಗದೆ ಡಾಕ್ಟರು ನನ್ನ ಕಡೆ ಕಳಿಸಿದ್ದರು.

ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾಯಿ, ಉಂಡ್ಯಾ?" ಎಂದರು. ಆಂಧ್ರದ ಗಡಿಯಲ್ಲವೇ, ಹುಡುಗಿಯನ್ನು ತೆಲುಗಿನಲ್ಲೇ ಅಮ್ಮಾಯಿ ಅನ್ನುವುದು. ನಾನು ಉಂಡಿರಲಿಲ್ಲ. ಮುಂದಿನ ವಾರದಿಂದ ಸೆರಗಿನ ಮರೆಯಲ್ಲಿ ಮಂಡಕ್ಕಿ ಪೊಟ್ಟಣ ಬರತೊಡಗಿತು. ನೀನು ರಾಂಪುರಕ್ಕೆ ಕೊಟ್ಟಿರೋ ನನ್ನ ಮಗಳ ಥರಾನೇ ಇದೀಯ ಎಂದರು. ನಾನೂ ಅವ್ವ ಎಂದು ಕರೆಯತೊಡಗಿದೆ. ನನ್ನ ಮದುವೆಯ ಹೊಣೆಯನ್ನೂ ಅವರೇ ಹೊತ್ತುಕೊಂಡರು. ಅವರ ಕಡೆಯ ಹುಡುಗನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ ಐತಂತೆ, ಕುಡಿಯಲ್ಲವಂತೆ, ಸ್ವಲ್ಪ ಕುಳ್ಳನಂತೆ. ಆ ಕುಳ್ಳನ ಗುಣಗಾನದಲ್ಲೇ ಒಂದು ಇಡೀ ಭೇಟಿ ಮುಗಿಯಿತು.

ಸಮಾಲೋಚಕಿಗೂ ಬಂದವರಿಗೂ ನಡುವೆ ನಂಬಿಕೆ ಹುಟ್ಟಬೇಕು, ಮಿಕ್ಕದ್ದೆಲ್ಲ ಆಮೇಲೆ ಎಂದು ತರಗತಿಯಲ್ಲಿ ಕಲಿತಿದ್ದೆ. ನನಗದು ಇಷ್ಟು ಬೇಗ ಒಲಿಯಿತಲ್ಲ ಎಂಬ ಹಿಗ್ಗು. ದಾವಣಗೆರೆಗೆ ಹೋಗಿ, ನನಗೆ ಕಲಿಸಿದ್ದ ಮೇಡಂ ಮುಂದೆ ಕೊಚ್ಚಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅವರು ನಿನ್ನ ನೋಡ್ಕೊಳ್ತಿದಾರೆ ಕಣೆ. ಅವರನ್ನ ಯಾರು ನೋಡ್ಕೊಳ್ತಿದಾರೆ?"

ವಾಪಸ್ ಬರುವ ಬಸ್ಸಿನಲ್ಲಿ ಓಬಮ್ಮನ ಬಳೆಗಳು ಕಣ್ಣಮುಂದೆ ಬಂದವು. ಮೊದಲ ವಾರ ಮಣಿಕಟ್ಟಿನಲ್ಲಿದ್ದವು ಈಗ ಮೊಣಕೈವರೆಗೆ ಜಾರುತ್ತಿದ್ದವು. ಯಾಕೆ ಸೊರಗಿದ್ದೀರಿ ಎಂದರೆ ಬಿಸಿಲು ಎನ್ನುತ್ತಿದ್ದರು.

ನಮ್ಮ ಕಡೆ ಎರಡು ಸಲ ಮುಖ ನೋಡಿದರೆ ನೆಂಟಸ್ತನ. ಕಂಡಕ್ಟರ್ ಅಣ್ಣ, ಈರುಳ್ಳಿ ಮಾರುವವಳು ಅಕ್ಕ. ಅದರಲ್ಲಿ ತಪ್ಪೇನಿಲ್ಲ. ಆದರೆ ನೆಂಟಸ್ತನಕ್ಕೆ ಅದರದೇ ಕಟ್ಟುಪಾಡಿದೆ: ತಾಯಿಯಾದವಳು ತನ್ನ ಸಂಕಟವನ್ನು ಮಗಳ ಕಿವಿಗೆ ಹಾಕುವುದಿಲ್ಲ. ಮಗಳಾಗಿ ಕೂತ ನಾನು ಯಾವ ಬಾಗಿಲು ತೆಗೆಯಬೇಕಿತ್ತೋ ಅದಕ್ಕೇ ಒರಗಿ ಮಂಡಕ್ಕಿ ತಿನ್ನುತ್ತಿದ್ದೆ. ಮಗಳಲ್ಲ ಎಂದರೆ ಅವರು ಮತ್ತೆ ಬಾರದೆ ಹೋಗಬಹುದು. ಆದರೂ ಕೇಳಲೇಬೇಕೆಂದು ನಿಶ್ಚಯಿಸಿದೆ.

ಆ ವಾರ ಬಾಗಿಲು ಹಾಕಿ ಹೇಳಿದೆ: "ಅವ್ವಾ, ಹೊರಗೆ ನಾನು ನಿಮ್ಮ ಮಗಳೇ. ಈ ಕೋಣೇಲಿ ಅಲ್ಲ. ಮಗಳಿಗೆ ಹೇಳಬಾರದು ಅಂತ ಏನು ಇಟ್ಕಂಡಿದೀರೋ, ಅದನ್ನ ಕೇಳೋಕೇ ನಾನು ಬರೋದು."

ಅವರ ಮುಖ ಬಿಗಿಯಿತು. "ಬ್ಯಾಡಾದೆನಾ ನಿಂಗೆ?"

ಹೋಗಿ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿದಿದ್ದರೆ ಮತ್ತೆ ಮಗಳಾಗಿಬಿಡುತ್ತಿದ್ದೆ. ಕುರ್ಚಿಯಲ್ಲೇ ಗಟ್ಟಿಯಾಗಿ ಕೂತೆ. "ಬೇಡವಾಗಿದ್ರೆ ಕೇಳ್ತಾನೇ ಇರ್ಲಿಲ್ಲ. ಏನು ಹೇಳಿದ್ರೂ ನಾನು ಹೆದರಿ ಎದ್ದು ಹೋಗಲ್ಲ."

ಮೌನವಾಗಿರುವುದನ್ನು ತರಗತಿಯಲ್ಲಿ ಅಭ್ಯಾಸ ಮಾಡಿಸಿದ್ದರು. ಅಲ್ಲಿ ಸುಲಭವಿತ್ತು. ಇಲ್ಲಿ ಏನಾದರೊಂದು ಹೇಳಿಬಿಡೋಣವೆಂದು ನಾಲಿಗೆ ತುರಿಸುತ್ತಿತ್ತು. ಓಬಮ್ಮ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು.

"ಬಾವಿಗೆ ನೀರಿಗೆ ಹೋಗ್ತೀನಲ್ಲ," ಎಂದರು ಕೊನೆಗೆ. "ವಾಪಸ್ ಮನೆಗೆ ಬರೋದು ಬ್ಯಾಡ ಅನ್ಸುತ್ತೆ. ದಿನಾ ಅನ್ಸುತ್ತೆ."

ನಾನು ಅಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಯಾವಾಗಿನಿಂದ, ಮನೆಯಲ್ಲಿ ಯಾರಿಗೆ ಗೊತ್ತು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಯಾರಿಗೆ ಹೇಳಬಹುದು ಎಂದು ಇಬ್ಬರೂ ಕೂಡಿ ಯೋಚಿಸಿ, ನಾದಿನಿಗೆ ಎಂದು ತೀರ್ಮಾನಿಸಿದೆವು. ಕಾಂಪೌಂಡರು ಹೋಗಿ ನಾದಿನಿಯನ್ನು ಕರೆತರುವವರೆಗೆ ನಾನು ಅವರನ್ನು ಬಿಟ್ಟು ಏಳಲಿಲ್ಲ. ಡಾಕ್ಟರನ್ನು ಕರೆದು ತಿಳಿಸಿದೆವು. ಅವರು ಔಷಧಿ ಶುರುಮಾಡಿದರು. ನೀರಿನ ಕೊಡವನ್ನೂ ರಾತ್ರಿ ಜೊತೆಗೆ ಮಲಗುವುದನ್ನೂ ನಾದಿನಿ ವಹಿಸಿಕೊಂಡರು.

ಮುಂದಿನ ವಾರ ಓಬಮ್ಮ ಬಂದರು. ಆಮೇಲೂ ಬಹಳ ಕಾಲ ಬಂದರು. ಕೆಲವು ದಿನ ನನ್ನ ಮೇಲೆ ರೇಗಿದರು, ನಿನಗೇನು ಗೊತ್ತಾಗ್ತೈತೆ ಎಂದರು. ಮಗಳಾಗಿದ್ದಾಗ ಒಂದು ದಿನವೂ ರೇಗಿರಲಿಲ್ಲ. ನಂಬಿಕೆ ಹುಟ್ಟಿದ್ದು ಆಗ ಎಂದು ಈಗ ಅನ್ನಿಸುತ್ತದೆ. ನಿಧಾನವಾಗಿ ನಿದ್ದೆ ಬಂತು, ರಾಟೆಯೂ ತಿರುಗಿತು. ಕುಳ್ಳನಿಗೆ ಬೇರೆ ಕಡೆ ಮದುವೆಯಾಯಿತು.

ಕತ್ತಲಾಯಿತು, ಬಟ್ಟೆ ಇನ್ನೂ ಅರ್ಧ ಉಳಿದಿದೆ. ಈಚೆಗೆ ಚಳ್ಳಕೆರೆಯ ನನ್ನ ಕೋಣೆಗೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದಾನೆ. ನನ್ನನ್ನು ಆಪಾ ಅನ್ನುತ್ತಾನೆ, ಉರ್ದುವಿನಲ್ಲಿ ಅಕ್ಕ. ಬಂದಾಗೆಲ್ಲ ನನ್ನ ಸ್ಕೂಟರಿನ ಕೀ ಇಸಿದುಕೊಂಡು ಬ್ರೇಕು, ಹಾರ್ನು ಎಂದು ಏನಾದರೂ ಸರಿಮಾಡುತ್ತಾನೆ, ನನ್ನನ್ನು ನಗಿಸುತ್ತಾನೆ, ತನಗೇನೂ ತೊಂದರೆಯಿಲ್ಲ ಎಂದು ಹೋಗುತ್ತಾನೆ. ಸ್ಕೂಟರಿನಲ್ಲಿ ಈಗ ಯಾವ ರಿಪೇರಿಯೂ ಉಳಿದಿಲ್ಲ. ನಾಳೆ ಬೆಳಿಗ್ಗೆ ಬರುತ್ತಾನೆ. ಕೀ ಕೊಡುವುದಿಲ್ಲ. ಕುರ್ಚಿ ತೋರಿಸುತ್ತೇನೆ.